ಕಿರುಬರಹದ ತಾಣಗಳು: ಮಾತು ಯಾರದು, ಜಾಗ ಯಾರದು

2006ರಲ್ಲಿ ಟ್ವಿಟರ್ ಶುರುವಾದಾಗ ಅದರಲ್ಲಿ ಹ್ಯಾಶ್‌ಟ್ಯಾಗ್ ಇರಲಿಲ್ಲ. ರೀಟ್ವೀಟ್ ಇರಲಿಲ್ಲ. ಹೆಸರಿನ ಮೊದಲು ಅಟ್ ಚಿಹ್ನೆ ಹಾಕಿ ಒಬ್ಬರನ್ನು ಕರೆಯುವ ಏರ್ಪಾಡೂ ಇರಲಿಲ್ಲ. ಈ ಮೂರನ್ನೂ ಬಳಸುವ ಜನರೇ ಕಟ್ಟಿಕೊಂಡರು. ಒಂದೇ ವಿಷಯದ ಮಾತುಗಳನ್ನು ಒಟ್ಟಿಗೆ ಹುಡುಕಲು # ಗುರುತು ಬಳಸಿದರೆ ಹೇಗೆ ಎಂದು 2007ರ ಆಗಸ್ಟ್‌ನಲ್ಲಿ ಕೇಳಿದವರು ಕ್ರಿಸ್ ಮೆಸಿನಾ. ಅವರು ಕಂಪನಿಯ ನೌಕರರಲ್ಲ. ಕಂಪನಿಗೆ ಆ ಸಲಹೆ ಆಗ ರುಚಿಸಲೂ ಇಲ್ಲ. ಎರಡು ತಿಂಗಳ ಮೇಲೆ ಸ್ಯಾನ್ ಡಿಯಾಗೊ ಸುತ್ತ ಕಾಳ್ಗಿಚ್ಚು ಹಬ್ಬಿತು. ಬೆಂಕಿ ಎಲ್ಲಿದೆ, ಯಾವ ರಸ್ತೆ ಮುಚ್ಚಿದೆ ಎಂಬ ಸುದ್ದಿಗೆ ಜನ ಈ ಗುರುತು ಹಾಕತೊಡಗಿದ ಮೇಲೆ ಅದರ ಉಪಯೋಗ ಎಲ್ಲರಿಗೂ ತಿಳಿಯಿತು. ಇನ್ನೊಬ್ಬರ ಮಾತನ್ನು ತಮ್ಮವರಿಗೆ ದಾಟಿಸಲು ಜನ ಆರ್‌ಟಿ ಎಂಬ ಎರಡಕ್ಷರವನ್ನು ಕೈಯಾರೆ ಬೆರಳಚ್ಚಿಸುತ್ತಿದ್ದರು. ಅದಕ್ಕೊಂದು ಗುಂಡಿ ಬಂದದ್ದು 2009ರಲ್ಲಿ.

ಕಿರುಬರಹದ ತಾಣಗಳನ್ನು ಹೋಲಿಸಲು ಕೂತವರು ಸಾಮಾನ್ಯವಾಗಿ ಒಂದು ಕೋಷ್ಟಕ ಹಾಕುತ್ತಾರೆ: ಇಷ್ಟು ಅಕ್ಷರದ ಮಿತಿ, ಇಷ್ಟು ಬಳಕೆದಾರರು, ವಿಡಿಯೊ ಎಷ್ಟು ನಿಮಿಷ, ತಿದ್ದುವ ಅವಕಾಶ ಇದೆಯೇ ಇಲ್ಲವೇ. ಆ ಕೋಷ್ಟಕ ಸುಳ್ಳಲ್ಲ, ಆದರೆ ಮುಖ್ಯವಾದದ್ದು ಅದರಲ್ಲಿ ಸಿಗುವುದಿಲ್ಲ. ಈ ತಾಣಗಳ ಬೆಲೆಬಾಳುವ ಪ್ರತಿಯೊಂದನ್ನೂ ಅಲ್ಲಿ ಸೇರಿದ ಜನ ತಾವೇ ಮಾಡಿದರು. ಒಡೆತನ ಮಾತ್ರ ಕಂಪನಿಯ ಬಳಿ ಉಳಿಯಿತು. ಹಾಗಾಗಿ ಯಾವುದೇ ತಾಣದ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆ, ಇಲ್ಲಿಂದ ಎದ್ದು ಹೋಗಬೇಕಾಗಿ ಬಂದರೆ ಜನ ಏನನ್ನು ಜೊತೆಗೆ ಒಯ್ಯಬಹುದು ಎಂಬುದು. ಹದಿನೆಂಟು-ಇಪ್ಪತ್ತು ವರ್ಷಗಳ ಇತಿಹಾಸವನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ತಾಣಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುತ್ತದೆ.

ಮೊದಲು ಅಕ್ಷರದ ಲೆಕ್ಕ ಮುಗಿಸಿಬಿಡೋಣ, ಏಕೆಂದರೆ ಕನ್ನಡದವರಿಗೆ ಇದು ಸಣ್ಣ ವಿಷಯವಲ್ಲ. ಟ್ವಿಟರ್‌ನ 140ರ ಮಿತಿ ಎಸ್‌ಎಂಎಸ್‌ನಿಂದ ಬಂದದ್ದು. ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಅದರಲ್ಲಿ 20ನ್ನು ಹೆಸರಿಗೆ ಮೀಸಲಿಟ್ಟು ಉಳಿದದ್ದನ್ನು ಮಾತಿಗೆ ಬಿಟ್ಟರು. ಆ 160 ರೋಮನ್ ಲಿಪಿಯ ಲೆಕ್ಕ. ಕನ್ನಡದಲ್ಲಿ ಬರೆದರೆ ಅದೇ ಎಸ್‌ಎಂಎಸ್‌ನಲ್ಲಿ ಹಿಡಿಯುವುದು 70 ಸಂಕೇತ ಮಾತ್ರ. ಅದರ ಮೇಲೆ, ನಮ್ಮ ಒತ್ತಕ್ಷರ ಗಣಕಕ್ಕೆ ಒಂದು ಅಕ್ಷರವಲ್ಲ. ‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಕಾಣುವುದು ಒಂದೇ ಅಕ್ಷರ. ಗಣಕ ಅದನ್ನು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರದ ಚಿಹ್ನೆ ಎಂದು ಆರಾಗಿ ಎಣಿಸುತ್ತದೆ. ಟ್ವಿಟರ್‌ನ ಲೆಕ್ಕ ಇದೇ. 2017ರ ನವೆಂಬರ್‌ನಲ್ಲಿ ಮಿತಿಯನ್ನು 280ಕ್ಕೆ ಏರಿಸಿದಾಗ ಚೀನಿ, ಜಪಾನಿ, ಕೊರಿಯನ್ ಬರೆಯುವವರಿಗೆ 140ನ್ನೇ ಉಳಿಸಿದರು, ಆ ಲಿಪಿಗಳಲ್ಲಿ ಅಷ್ಟರಲ್ಲೇ ಹೇಳಬೇಕಾದದ್ದೆಲ್ಲ ಮುಗಿಯುತ್ತದೆ ಎಂದು. ಇಂಗ್ಲಿಷಿನವರಿಗೆ ಆ ಏರಿಕೆ ಬೇಕಿತ್ತೋ ಇಲ್ಲವೋ, ಕನ್ನಡದ ಒಂದು ಸಾಮಾನ್ಯ ವಾಕ್ಯ ಉಸಿರುಗಟ್ಟದೆ ಮುಗಿಯುವಂತಾದದ್ದು ಆ ದಿನದಿಂದ. ಅದರ ಈಚಿನ ಪ್ರತಿಸ್ಪರ್ಧಿ ಬ್ಲೂಸ್ಕೈ 300ರ ಮಿತಿ ಇಟ್ಟಿದೆ, ಆದರೆ ಗುಣಿತಾಕ್ಷರವನ್ನು ಒಂದೇ ಎಂದು ಎಣಿಸುತ್ತದೆ. ಅಲ್ಲಿ ‘ಸ್ತ್ರೀ’ ಮೂರನ್ನು ಮೀರುವುದಿಲ್ಲ. ಕೋಷ್ಟಕದಲ್ಲಿ 280 ಮತ್ತು 300 ಅಕ್ಕಪಕ್ಕದ ಸಂಖ್ಯೆಗಳು. ಕನ್ನಡದಲ್ಲಿ ಬರೆಯುವವನಿಗೆ ಎರಡರ ಅಂತರ ಹೆಚ್ಚುಕಡಿಮೆ ಇಮ್ಮಡಿ.

ಟ್ವಿಟರ್ ಒಂದೇ ಇರಲಿಲ್ಲ ಎಂಬುದನ್ನು ಇಂದಿನವರು ಮರೆತಿದ್ದಾರೆ. ಫಿನ್ಲೆಂಡಿನ ಜೈಕು 2006ರಲ್ಲೇ ಇತ್ತು. ಮರುವರ್ಷ ಗೂಗಲ್ ಕೊಂಡು 2012ರಲ್ಲಿ ಮುಚ್ಚಿತು. ಪೌನ್ಸ್ ಎಂಬುದು ಬಂದು ಒಂದೂವರೆ ವರ್ಷದಲ್ಲಿ ಹೋಯಿತು. 2008ರ ಪ್ಲರ್ಕ್ ಬೇರೆಡೆ ಸೋತು ತೈವಾನಿನಲ್ಲಿ ಮಾತ್ರ ಬೇರುಬಿಟ್ಟಿತು. ಇವುಗಳಲ್ಲಿ ನೆನಪಿಡಬೇಕಾದದ್ದು ಐಡೆಂಟಿಕಾ. 2008ರ ಜುಲೈಯಲ್ಲಿ ಮಾಂಟ್ರಿಯಲ್‌ನ ಇವಾನ್ ಪ್ರೊಡ್ರೊಮೊ ಶುರುಮಾಡಿದ ಇದರ ತಂತ್ರಾಂಶ ಮುಕ್ತವಾಗಿತ್ತು. ಯಾರು ಬೇಕಾದರೂ ತಮ್ಮ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಿತ್ತು, ಒಂದು ಸರ್ವರ್‌ನವರು ಇನ್ನೊಂದರವರನ್ನು ಹಿಂಬಾಲಿಸಬಹುದಿತ್ತು. ಇಮೇಲ್ ಮೊದಲಿಂದಲೂ ಹೀಗೆಯೇ ನಡೆಯುತ್ತಿದೆ. ಮಾತುಕತೆಯ ತಾಣಕ್ಕೂ ಅದೇ ನ್ಯಾಯ ಇರಲಿ ಎಂಬುದು ಆಲೋಚನೆ. ತಂತ್ರಾಂಶ ಪ್ರಿಯರ ಆಚೆಗೆ ಐಡೆಂಟಿಕಾ ಹಬ್ಬಲಿಲ್ಲ. ಆದರೆ ಆ ಆಲೋಚನೆ ಸಾಯಲಿಲ್ಲ. ಹತ್ತು ವರ್ಷದ ಮೇಲೆ, 2018ರ ಜನವರಿಯಲ್ಲಿ, ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಆ್ಯಕ್ಟಿವಿಟಿಪಬ್ ಎಂಬ ಮಾನಕವನ್ನು ಅಂಗೀಕರಿಸಿದಾಗ ಅದನ್ನು ರೂಪಿಸಿದವರಲ್ಲಿ ಪ್ರೊಡ್ರೊಮೊ ಒಬ್ಬರು. ಇಂದಿನ ಮಾಸ್ಟೊಡಾನ್ ನಿಂತಿರುವುದು ಅದರ ಮೇಲೆ.

ಚೀನಾದ ಕಥೆ ಪೂರಾ ಬೇರೆ. 2009ರ ಜುಲೈಯಲ್ಲಿ ಉರುಮ್ಚಿಯ ಗಲಭೆಗಳ ಬೆನ್ನಿಗೆ ಟ್ವಿಟರ್‌ಗೆ ಅಲ್ಲಿ ಬೀಗ ಬಿತ್ತು, ಫ್ಯಾನ್‌ಫೌ ಎಂಬ ದೇಶೀ ತಾಣವನ್ನೂ ಮುಚ್ಚಿಸಿದರು. ಮುಂದಿನ ತಿಂಗಳೇ ಸಿನಾ ವೈಬೊ ಶುರುವಾಯಿತು. ಅದೂ 140 ಅಕ್ಷರವನ್ನೇ ಇಟ್ಟುಕೊಂಡಿತು, ಆದರೆ ಚೀನಿ ಲಿಪಿಯಲ್ಲಿ 140 ಎಂದರೆ ಪತ್ರಿಕೆಯ ಒಂದು ಸಣ್ಣ ಸುದ್ದಿಯಷ್ಟು ಜಾಗ. 2011ರ ಜುಲೈ 23ರ ರಾತ್ರಿ ವೆನ್‌ಜೌ ಬಳಿ ಎರಡು ವೇಗದ ರೈಲುಗಳು ಡಿಕ್ಕಿಯಾಗಿ 40 ಜನ ಸತ್ತರು. ಬೋಗಿಯನ್ನು ಅಲ್ಲೇ ಮಣ್ಣಿನಲ್ಲಿ ಹೂಳಿದ ಅಧಿಕಾರಿಗಳನ್ನು ವೈಬೊದಲ್ಲಿ ಜನ ಹಿಡಿದು ಕೇಳಿದರು. ಸರ್ಕಾರಿ ಮಾಧ್ಯಮವೂ ಆ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಚೀನಾದ ಜನರಿಗೆ ದೊಡ್ಡ ದನಿಯಲ್ಲಿ ಪರಸ್ಪರ ಕೇಳಿಸಿಕೊಳ್ಳುವ ಜಾಗ ಸಿಕ್ಕಿದ ವರ್ಷಗಳು ಅವು. 2012ರಲ್ಲಿ ನಿಜನಾಮದ ನಿಯಮ ಬಂತು. 2013ರ ಸೆಪ್ಟೆಂಬರ್‌ನಲ್ಲಿ, ವದಂತಿ ಎನಿಸಿದ ಬರಹವನ್ನು 500 ಜನ ಹಂಚಿದರೆ ಬರೆದವನಿಗೆ ಜೈಲಾಗಬಹುದು ಎಂಬ ವ್ಯಾಖ್ಯಾನ ಬಂತು. ಲಕ್ಷಗಟ್ಟಲೆ ಹಿಂಬಾಲಕರಿದ್ದವರು ಸುಮ್ಮನಾದರು. ಬಹಳ ಜನ ವಿಚಾಟ್‌ನ ಮುಚ್ಚಿದ ಗುಂಪುಗಳಿಗೆ ಸರಿದರು.

ಆದರೂ ವೈಬೊದಲ್ಲಿ ಒಂದು ಪುಟವಿದೆ. ಹೊಸ ವೈರಸ್ಸಿನ ಬಗ್ಗೆ ಗೆಳೆಯರನ್ನು ಎಚ್ಚರಿಸಿ, ಅದಕ್ಕಾಗಿ ಪೊಲೀಸರ ಛೀಮಾರಿ ತಿಂದ ವುಹಾನ್‌ನ ಕಣ್ಣಿನ ವೈದ್ಯ ಲಿ ವೆನ್‌ಲಿಯಾಂಗ್, ತನಗೆ ಸೋಂಕು ದೃಢವಾಯಿತೆಂದು 2020ರ ಫೆಬ್ರವರಿ 1ರಂದು ಬರೆದ ಕೊನೆಯ ಬರಹ ಅದು. ಫೆಬ್ರವರಿ 7ರಂದು ಅವರು ತೀರಿಕೊಂಡರು. ಅಂದಿನಿಂದ ಆ ಬರಹದ ಕೆಳಗೆ ಜನ ಪ್ರತಿಕ್ರಿಯೆ ಬರೆಯುತ್ತಲೇ ಇದ್ದಾರೆ. ಲಿ ಡಾಕ್ಟ್ರೇ, ಇವತ್ತು ಪರೀಕ್ಷೆ ಇತ್ತು, ಮಗು ಹುಟ್ಟಿತು, ಕೆಲಸ ಹೋಯಿತು, ನಿಮ್ಮ ನೆನಪಾಯಿತು ಎಂಬಂಥ ಮಾತುಗಳು. ಲೆಕ್ಕ ಹತ್ತು ಲಕ್ಷ ದಾಟಿದೆ. ಸಮುದಾಯ ಎಂಬುದು ಎಲ್ಲಿ ಹೇಗೆ ನೆಲೆಯಾಗುತ್ತದೆ ಎಂದು ಯಾವ ವಿನ್ಯಾಸಕನೂ ಮೊದಲೇ ಹೇಳಲಾರ. ಮತ್ತು ಆ ಪುಟ ಕಂಪನಿಯ ಮರ್ಜಿಯಲ್ಲಿದೆ, ಕಂಪನಿ ಸರ್ಕಾರದ ಮರ್ಜಿಯಲ್ಲಿದೆ. ಅಲ್ಲಿ ಬರೆಯುವ ಪ್ರತಿಯೊಬ್ಬರಿಗೂ ಅದು ಗೊತ್ತು.

ಟ್ವಿಟರ್‌ಗೆ ಮರಳಿದರೆ, ಅದರ ಒಳಗೇ ಎಷ್ಟೋ ಊರುಗಳಿದ್ದವು. ಅಮೆರಿಕದ ಕಪ್ಪು ಜನರ ‘ಬ್ಲ್ಯಾಕ್ ಟ್ವಿಟರ್’ ಅದರಲ್ಲಿ ಅತ್ಯಂತ ಜೀವಂತವಾದದ್ದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಉದ್ಧರಿಸಿ ಮೇಲೊಂದು ಮಾತು ಸೇರಿಸುವುದು, ಅದನ್ನು ಮತ್ತೊಬ್ಬರು ಎತ್ತಿಕೊಳ್ಳುವುದು: ಚರ್ಚುಗಳಲ್ಲಿ, ಹಾಡಿನಲ್ಲಿ ಅವರಿಗೆ ತಲೆಮಾರುಗಳಿಂದ ಒಲಿದು ಬಂದಿದ್ದ ಸವಾಲ್-ಜವಾಬಿನ ಲಯ ಇಲ್ಲಿಯೂ ಬಂತು. 2013ರಲ್ಲಿ ಹುಟ್ಟಿದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ ಹ್ಯಾಶ್‌ಟ್ಯಾಗ್ ಮರುವರ್ಷ ಫರ್ಗ್ಯುಸನ್‌ನ ಬೀದಿಗಳಲ್ಲಿ ಚಳವಳಿಯಾಯಿತು. ಜಪಾನಿನವರದು ಇನ್ನೊಂದು ಲೋಕ. 2013ರ ಆಗಸ್ಟ್‌ನಲ್ಲಿ ಟಿವಿಯಲ್ಲಿ ಆ್ಯನಿಮೇಷನ್ ನಿರ್ದೇಶಕ ಮಿಯಾಜಾಕಿಯ ಸಿನಿಮಾ ಬರುತ್ತಿದ್ದಾಗ ಒಂದು ಮಂತ್ರದ ಪದವನ್ನು ಪಾತ್ರಗಳ ಜೊತೆಗೇ ಎಲ್ಲರೂ ಟ್ವೀಟ್ ಮಾಡಿ, ಸೆಕೆಂಡಿಗೆ 1,43,199 ಟ್ವೀಟ್‌ಗಳ ದಾಖಲೆಯಾಯಿತು.

ಭಾರತದಲ್ಲಿ ಟ್ವಿಟರ್ ಮೊದಲಿಂದಲೂ ದೊಡ್ಡವರ, ಇಂಗ್ಲಿಷಿನ, ಮಹಾನಗರದ ಜಾಗವಾಗಿತ್ತು. ಜೊತೆಗೆ ಅದು ಅರ್ಜಿ ಸಲ್ಲಿಸುವ ಕಿಟಕಿಯೂ ಆಯಿತು. ವಿದೇಶದಲ್ಲಿ ಸಿಕ್ಕಿಬಿದ್ದವರು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್‌ಗೆ ಬರೆದರು, ರೈಲಿನಲ್ಲಿದ್ದವರು ಆಗಿನ ರೈಲ್ವೆ ಸಚಿವ ಸುರೇಶ್ ಪ್ರಭುಗೆ ಬರೆದರು, ಬೆಂಗಳೂರಿನವರು ಸಂಚಾರ ಪೊಲೀಸರಿಗೆ ಗುಂಡಿಯ ಫೋಟೊ ಕಳಿಸಿದರು.

ಈ ಕಿಟಕಿ ಮುಚ್ಚಿದಾಗ ಜನರು ಒಬ್ಬರಿಗೊಬ್ಬರು ಏನಾದರು ಎಂಬುದನ್ನು ನೋಡಿದ್ದು 2021ರ ಏಪ್ರಿಲ್-ಮೇನಲ್ಲಿ, ಕೋವಿಡ್ ಎರಡನೆಯ ಅಲೆಯ ಹೊತ್ತಿನಲ್ಲಿ. ಆ ವಾರಗಳ ಟ್ವೀಟ್‌ಗೆ ಒಂದು ಸ್ಥಿರ ರೂಪವೇ ಇತ್ತು. ರೋಗಿಯ ವಯಸ್ಸು, ಆಮ್ಲಜನಕದ ಮಟ್ಟ, ಬಡಾವಣೆಯ ಹೆಸರು, ಬೇಕಾದದ್ದು ಐಸಿಯು ಹಾಸಿಗೆಯೋ ಸಿಲಿಂಡರೋ, ಜೊತೆಗಿರುವವರ ಫೋನ್ ನಂಬರ್. ಬೆಂಗಳೂರಿನದಾದರೆ ಸೋಂಕಿತರಿಗೆ ಕೊಡುವ ಬಿಯು ನಂಬರ್ ಬಂದಿದೆಯೇ ಎಂಬ ಸಾಲು, ಏಕೆಂದರೆ ಅದಿಲ್ಲದೆ ಪಾಲಿಕೆಯ ಹಾಸಿಗೆ ಸಿಗುತ್ತಿರಲಿಲ್ಲ. ಕೆಳಗೆ ಅಪರಿಚಿತರು ಬರೆಯುತ್ತಿದ್ದರು: ಈ ನಂಬರಿಗೆ ಸಂಜೆ ನಾಲ್ಕೂವರೆಗೆ ಕರೆ ಮಾಡಿ ಖಚಿತ ಮಾಡಿಕೊಂಡಿದ್ದೇವೆ, ಎರಡು ಸಿಲಿಂಡರ್ ಇದೆ. ಹತ್ತು ನಿಮಿಷಕ್ಕೆ ಇನ್ನೊಬ್ಬರು: ಮುಗಿದಿದೆ, ಇಲ್ಲಿ ಪ್ರಯತ್ನಿಸಿ. ಕಾಲೇಜು ಹುಡುಗ ಹುಡುಗಿಯರು ಗೂಗಲ್ ಶೀಟ್ ಮಾಡಿ, ಪಾಳಿ ಹಾಕಿಕೊಂಡು, ಒಂದೊಂದು ನಂಬರಿಗೂ ದಿನಕ್ಕೆ ಹಲವು ಸಲ ಕರೆ ಮಾಡಿ ಗುರುತು ಹಾಕುತ್ತಿದ್ದರು. ಅಂತರ್ಜಾಲದಲ್ಲಿ ಕುಂದುಕೊರತೆ ಹೇಳಿಕೊಳ್ಳುವ ನಾಗರಿಕರ ಬಾಯಿ ಮುಚ್ಚಿಸಬಾರದು ಎಂದು ಸುಪ್ರೀಂ ಕೋರ್ಟು ಏಪ್ರಿಲ್ 30ರಂದು ಹೇಳಬೇಕಾಯಿತು. ಗೊತ್ತಿಲ್ಲದವರು ಗೊತ್ತಿಲ್ಲದವರಿಗಾಗಿ ದುಡಿಯಲು ಸಾಧ್ಯವಾದದ್ದು ಆ ತಾಣ ಬಯಲಾಗಿತ್ತು ಎಂಬ ಕಾರಣಕ್ಕೆ. ಹ್ಯಾಶ್‌ಟ್ಯಾಗ್ ಹುಡುಕಿದರೆ ಯಾರ ಮೊರೆಯೂ ಯಾರಿಗೂ ಕಾಣುತ್ತಿತ್ತು. ವಾಟ್ಸ್‌ಆ್ಯಪ್‌ನಲ್ಲಿ ನಮ್ಮ ಗುಂಪಿನವರಿಗಷ್ಟೇ ನಾವು ಕಾಣುತ್ತೇವೆ.

ಕನ್ನಡದ ಮಾತಿಗೆ ಬಂದರೆ ಚಿತ್ರ ಸ್ವಲ್ಪ ಒಡೆದಿದೆ. ಕಥೆ, ಕವಿತೆ, ಪುಸ್ತಕ, ವಾದ-ವಿವಾದಗಳ ಕನ್ನಡ ಬ್ಲಾಗುಗಳಿಂದ ನೇರ ಫೇಸ್‌ಬುಕ್‌ಗೆ ಹೋಯಿತು. ಉದ್ದ ಬರೆಯುವ ಅಭ್ಯಾಸದವರಿಗೆ 140 ಒಗ್ಗಲಿಲ್ಲ. ಟ್ವಿಟರ್‌ಗೆ ಬಂದದ್ದು ಸಿನಿಮಾ ಅಭಿಮಾನಿಗಳ ಕನ್ನಡ, ರಾಜಕೀಯದ ಕನ್ನಡ ಮತ್ತು ಭಾಷಾ ಹಕ್ಕಿನ ಕನ್ನಡ. ಈ ಮೂರನೆಯದು ತಾಣವನ್ನು ಎಷ್ಟು ಚೆನ್ನಾಗಿ ಬಳಸಿತು ಎಂಬುದಕ್ಕೆ 2017ರ ಬೇಸಿಗೆಯ ಕೊನೆ ಸಾಕ್ಷಿ. ‘ನಮ್ಮ ಮೆಟ್ರೋ ಹಿಂದಿ ಬೇಡ’ ಎಂಬ ಹ್ಯಾಶ್‌ಟ್ಯಾಗ್ ದೇಶದ ಟ್ರೆಂಡಿಂಗ್ ಪಟ್ಟಿಗೆ ಏರಿತು, ತಮಿಳರೂ ಬಂಗಾಳಿಗಳೂ ಮರಾಠಿಗರೂ ದನಿಗೂಡಿಸಿದರು, ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಿತು, ನಿಲ್ದಾಣಗಳ ಹಿಂದಿ ಫಲಕಗಳು ಇಳಿದವು.  ಆದರೆ ಆ ಹ್ಯಾಶ್‌ಟ್ಯಾಗನ್ನು ಬರೆದದ್ದು ರೋಮನ್ ಲಿಪಿಯಲ್ಲಿ, ವಾದಿಸಿದ್ದು ಬಹುಪಾಲು ಇಂಗ್ಲಿಷಿನಲ್ಲಿ. ದೆಹಲಿಗೆ ಕೇಳಿಸಬೇಕಾದರೆ ಬೇರೆ ದಾರಿ ಇರಲಿಲ್ಲ. ಕನ್ನಡಿಗರು ಹೊರಗಿನವರೊಂದಿಗೆ ಮಾತಾಡಲು ಟ್ವಿಟರ್, ತಮ್ಮೊಳಗೆ ಮಾತಾಡಲು ಫೇಸ್‌ಬುಕ್ ಎಂದು ತಾವೇ ಹಂಚಿಕೊಂಡಿದ್ದರು.

ಈ ಹಂಚಿಕೆಯನ್ನು ಅಳಿಸಲು ಹೊರಟದ್ದು ಕೂ. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕಾ ಕಟ್ಟಿದ ಈ ಆ್ಯಪ್ ಮೊದಲು ಬಂದದ್ದು ಕನ್ನಡದಲ್ಲಿ; ಉಳಿದ ಭಾಷೆಗಳು ಆಮೇಲೆ. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಕನ್ನಡವನ್ನು ಪಟ್ಟಿಯ ಕೊನೆಗೆ ಸೇರಿಸುವುದೇ ವಾಡಿಕೆಯಾಗಿರುವ ಉದ್ಯಮದಲ್ಲಿ ಇದು ಅಪರೂಪದ ಘಟನೆ. 400 ಅಕ್ಷರದ ಮಿತಿ, ಕನ್ನಡದ್ದೇ ಕೀಲಿಮಣೆ, ತೆರೆದ ಕೂಡಲೆ ಕನ್ನಡದ ಬರಹಗಳೇ ಸಾಲುಗಟ್ಟಿ ಬರುವ ಪುಟ. ಇಂಗ್ಲಿಷ್ ಗೊತ್ತಿಲ್ಲವೆಂದು ಹಿಂಜರಿಯುತ್ತಿದ್ದವರು ಅಲ್ಲಿ ಬರೆದರು. ಅಡುಗೆ, ಗಾದೆ, ಭಕ್ತಿ, ಕ್ರಿಕೆಟ್, ಹಳ್ಳಿಯ ಫೋಟೊ: ಟ್ವಿಟರ್‌ನ ಕನ್ನಡದಲ್ಲಿ ಕಾಣದ ಜನ ಇಲ್ಲಿ ಕಂಡರು. 2020ರ ಆಗಸ್ಟ್‌ನಲ್ಲಿ ಕೇಂದ್ರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಬಂತು.

2021ರ ಫೆಬ್ರವರಿಯಲ್ಲಿ ರೈತ ಚಳವಳಿಯ ಖಾತೆಗಳನ್ನು ಮುಚ್ಚುವ ವಿಚಾರದಲ್ಲಿ ಕೇಂದ್ರಕ್ಕೂ ಟ್ವಿಟರ್‌ಗೂ ಜಗಳ ಹತ್ತಿತು. ಸಚಿವರು, ಇಲಾಖೆಗಳು ಸಾಲಾಗಿ ಕೂಗೆ ಬಂದರು. ಡೌನ್‌ಲೋಡು ಜಿಗಿಯಿತು. ನನ್ನ ತೀರ್ಮಾನ ಇಷ್ಟು: ಕೂಗೆ ಬಂದ ಅತಿದೊಡ್ಡ ವರವೂ ಅದೇ, ಪೆಟ್ಟೂ ಅದೇ. ಕನ್ನಡದ ಮಾತಿಗಾಗಿ ಕಟ್ಟಿದ ಜಾಗ ಒಂದು ರಾಜಕೀಯ ಪಕ್ಷದ ಜಾಗ ಎಂಬ ಹೆಸರು ಪಡೆಯಿತು. ಸಚಿವರು ಅಲ್ಲಿ ಪ್ರಕಟಣೆ ಹಾಕಿದರು. ಪ್ರಶ್ನೆಗೆ ಉತ್ತರ ಕೊಡಲು ಅವರು ಟ್ವಿಟರ್‌ ಬಿಟ್ಟಿರಲೇ ಇಲ್ಲ. ವಿರೋಧಿಸುವವರು ಬರಲಿಲ್ಲ, ಪತ್ರಕರ್ತರು ನೆಲೆನಿಲ್ಲಲಿಲ್ಲ. ವಾದ ಇಲ್ಲದ ಕಡೆ ಜನ ಎಷ್ಟು ದಿನ ಕೂರುತ್ತಾರೆ? ಅದೇ ವರ್ಷ ನೈಜೀರಿಯಾ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿನ ಸರ್ಕಾರವೂ ಕೂ ಖಾತೆ ತೆರೆಯಿತು. 2022ರ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಕೆಲವು ದಿನ ಲಕ್ಷಾಂತರ ಜನ ನುಗ್ಗಿದರು. ಬಂದವರು ಬಂದ ವೇಗದಲ್ಲೇ ಹೋದರು. ಹೊಸ ಬಂಡವಾಳ ಸಿಗಲಿಲ್ಲ, ಡೈಲಿಹಂಟ್ ಜೊತೆಗಿನ ಮಾತುಕತೆ ಮುರಿಯಿತು, 2024ರ ಜುಲೈ 3ರಂದು ಸ್ಥಾಪಕರು ಮುಚ್ಚುತ್ತಿದ್ದೇವೆಂದು ಪ್ರಕಟಿಸಿದರು.

ಕಂಪನಿಗಳು ಮುಚ್ಚುತ್ತವೆ, ಅದಕ್ಕಿಂತ ನನ್ನನ್ನು ಕಾಡುವುದು ಆ ಬರಹಗಳ ಗತಿ. ಮೊದಲ ಬಾರಿಗೆ ಸಾರ್ವಜನಿಕವಾಗಿ ಕನ್ನಡದಲ್ಲಿ ಬರೆದ ಎಷ್ಟೋ ಜನರ ನಾಲ್ಕು ವರ್ಷದ ಮಾತು ಅಲ್ಲಿತ್ತು. ಅವರು ಒಬ್ಬರನ್ನೊಬ್ಬರು ಕಂಡುಕೊಂಡಿದ್ದ ಪಟ್ಟಿಯೂ ಅಲ್ಲೇ ಇತ್ತು. ಅದನ್ನು ಹಾಗೇ ಎತ್ತಿಕೊಂಡು ಇನ್ನೊಂದು ತಾಣದಲ್ಲಿ ಇಳಿಸುವ ದಾರಿಯನ್ನು ಆ ಆ್ಯಪ್‌ನ ವಿನ್ಯಾಸದಲ್ಲೇ ಇಟ್ಟಿರಲಿಲ್ಲ. ದೇಶೀ ಎಂಬ ಹೆಮ್ಮೆ ಇತ್ತು, ನಮ್ಮ ಲಿಪಿ ಇತ್ತು. ಕೀಲಿಕೈ ಮಾತ್ರ ಟ್ವಿಟರ್‌ನಲ್ಲಿ ಇದ್ದ ಹಾಗೆಯೇ ಬೇರೆಯವರ ಕೈಯಲ್ಲಿತ್ತು.

ಇದೇ ಕೀಲಿಕೈ ಪ್ರಶ್ನೆ ಬೆಂಗಳೂರಿನ ಹೈಕೋರ್ಟಿಗೂ ಎರಡು ಬಾರಿ ಬಂದಿದೆ. ಬರಹ, ಖಾತೆಗಳನ್ನು ತಡೆಯುವ ಕೇಂದ್ರದ ಆದೇಶಗಳನ್ನು ಟ್ವಿಟರ್ 2022ರಲ್ಲಿ ಇಲ್ಲಿ ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಬರಹ ತೆಗೆಸುವ ಸೂಚನೆ ಕಳಿಸಲು ಕೇಂದ್ರ ತೆರೆದ ಸಹಯೋಗ್ ಪೋರ್ಟಲ್ ವಿರುದ್ಧ, ಅಷ್ಟರಲ್ಲಿ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಟ್ವಿಟರ್ ತಂದ ಅರ್ಜಿ 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠದಲ್ಲಿ ಬಿದ್ದುಹೋಯಿತು. ಎರಡು ಮೊಕದ್ದಮೆಗಳಲ್ಲೂ ಮುಖ್ಯವಾಗಿ ವಾದಿಸಿದ್ದು ಸರ್ಕಾರ ಮತ್ತು ಕಂಪನಿ. ಯಾರ ಬರಹ ತಡೆಯಲಾಗಿದೆಯೋ ಅವರು ಎಷ್ಟೋ ವೇಳೆ ಕಾರಣವನ್ನೇ ಕಾಣದೆ ಹೊರಗೆ ನಿಂತಿದ್ದಾರೆ.

ಜಾಗದ ಒಡೆಯ ಬದಲಾದರೆ ಏನಾಗುತ್ತದೆ ಎಂಬುದನ್ನು 2022ರ ಅಕ್ಟೋಬರ್ 27ರ ನಂತರ ಜಗತ್ತೇ ನೋಡಿತು. ಇಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರ್ ಕೊಂಡರು. ಸುಮಾರು ಅರ್ಧ ನೌಕರರು ಕೆಲಸ ಕಳೆದುಕೊಂಡರು, ನೀಲಿ ಗುರುತು ಹಣಕ್ಕೆ ಸಿಗತೊಡಗಿತು, ಮುಂದಿನ ಜುಲೈಯಲ್ಲಿ ಹೆಸರೇ ಎಕ್ಸ್ ಆಯಿತು. ಈ ಲೇಖನದ ಪ್ರಶ್ನೆಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು 2022ರ ಡಿಸೆಂಬರ್‌ನ ಕೆಲವು ದಿನಗಳು. ಬಿಟ್ಟು ಹೊರಟವರು ತಮ್ಮ ಮಾಸ್ಟೊಡಾನ್ ವಿಳಾಸವನ್ನು ಪ್ರೊಫೈಲಿನಲ್ಲಿ ಬರೆದಿಟ್ಟರು. ಅವನ್ನು ಹೆಕ್ಕಿ ‘ನಿಮ್ಮವರಲ್ಲಿ ಇಂಥಿಂಥವರು ಅಲ್ಲಿದ್ದಾರೆ’ ಎಂದು ಪಟ್ಟಿ ಕೊಡುವ ಚಿಕ್ಕ ಉಪಕರಣಗಳನ್ನು ಸ್ವಯಂಸೇವಕರು ರಾತ್ರೋರಾತ್ರಿ ಮಾಡಿದರು. ಕಂಪನಿ ಮಾಸ್ಟೊಡಾನ್‌ನ ಖಾತೆಯನ್ನು ಅಮಾನತು ಮಾಡಿತು, ಅದರ ಕೊಂಡಿಗಳನ್ನು ಹಾಕದಂತೆ ತಡೆಯಿತು. ಬೇರೆ ತಾಣಗಳ ವಿಳಾಸ ಕೊಡುವುದನ್ನೇ ನಿಷೇಧಿಸುವ ನಿಯಮ ಹೊರಡಿಸಿ ಗಲಾಟೆಯಾದ ಮೇಲೆ ಹಿಂತೆಗೆದುಕೊಂಡಿತು. ಮುಂದೆ ಹೊರಗಿನ ತಂತ್ರಾಂಶಗಳು ತಾಣದೊಂದಿಗೆ ವ್ಯವಹರಿಸುವ ದಾರಿಯಾದ ಎಪಿಐಗೆ ದುಬಾರಿ ಬೆಲೆ ಕಟ್ಟಿದಾಗ ಆ ಉಪಕರಣಗಳ ಉಸಿರೂ ನಿಂತಿತು. ಹೋಗುವವರನ್ನು ಯಾರೂ ಹಿಡಿದು ನಿಲ್ಲಿಸಲಿಲ್ಲ ನಿಜ. ಒಟ್ಟಿಗೆ ಹೋಗುವುದನ್ನು ತಡೆದರು.

ಮಾಸ್ಟೊಡಾನ್ 2016ರಲ್ಲಿ ಜರ್ಮನಿಯ ಯೂಜನ್ ರೋಚ್ಕೊ ಶುರುಮಾಡಿದ್ದು. ಅದಕ್ಕೆ ಒಬ್ಬ ಮಾಲೀಕನಿಲ್ಲ. ಸಾವಿರಾರು ಸರ್ವರ್‌ಗಳಿವೆ, ಒಂದೊಂದನ್ನೂ ಯಾರೋ ವ್ಯಕ್ತಿಯೋ ಸಂಘವೋ ನಡೆಸುತ್ತದೆ, ತಮ್ಮ ನಿಯಮ ತಾವು ಮಾಡಿಕೊಳ್ಳುತ್ತದೆ. ಭಾರತೀಯರು ಇದನ್ನು ಅಮೆರಿಕನ್ನರಿಗಿಂತ ಮೂರು ವರ್ಷ ಮೊದಲೇ ಕಂಡಿದ್ದರು: ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ, 2019ರ ನವೆಂಬರ್‌ನಲ್ಲಿ. ಸಾವಿರಾರು ಜನ ಹೋದರು, ಕೆಲವೇ ತಿಂಗಳಲ್ಲಿ ಬಹುತೇಕರು ಮರಳಿದರು. ಅವರು ಬೈಯಬೇಕಾದ, ಒಪ್ಪಿಸಬೇಕಾದ ಜನ ಟ್ವಿಟರ್‌ನಲ್ಲೇ ಇದ್ದರು.

2022ರ ಅಲೆಯಲ್ಲಿ ಹೋದ ಕಪ್ಪು ಅಮೆರಿಕನ್ನರಿಗೆ ಆದದ್ದು ಇದಕ್ಕಿಂತ ನೋವಿನದು. ಮಾಸ್ಟೊಡಾನಿನ ಹಳಬರಲ್ಲಿ ಒಂದು ಸೌಜನ್ಯವಿದೆ: ಮನಸ್ಸು ಕಲಕುವ ವಿಷಯಕ್ಕೆ ಎಚ್ಚರಿಕೆಯ ಪರದೆ ಹಾಕುವುದು. ಟ್ವಿಟರ್‌ನಲ್ಲಿ ಗುಂಪು ಬೈಗುಳಕ್ಕೆ ಸಿಕ್ಕಿ ಬೆಂದು ಬಂದವರು ಕಟ್ಟಿಕೊಂಡ ಪದ್ಧತಿ ಅದು; ಅದನ್ನು ಗೌರವಿಸುತ್ತೇನೆ. ಆದರೆ ತಾವು ದಿನಾ ಅನುಭವಿಸುವ ವರ್ಣಭೇದದ ಬಗ್ಗೆ ಬರೆದವರಿಗೂ ಪರದೆ ಹಾಕಿ ಎಂದು ಹೇಳಲಾಯಿತು. ಉದ್ಧರಿಸಿ ಬರೆಯುವ ಸೌಲಭ್ಯವನ್ನು, ಅದು ಅವಮಾನಕ್ಕೆ ಬಳಕೆಯಾಗುತ್ತದೆಂದು, ರೋಚ್ಕೊ ಬೇಕೆಂದೇ ಬಿಟ್ಟಿದ್ದರು. ಬ್ಲ್ಯಾಕ್ ಟ್ವಿಟರ್‌ನ ಇಡೀ ಮಾತುಗಾರಿಕೆ ನಿಂತಿದ್ದು ಅದರ ಮೇಲೆ. ಒಳ್ಳೆಯ ಉದ್ದೇಶದ ಒಂದು ನಿರ್ಧಾರ ಒಂದು ಸಮುದಾಯದ ನಾಲಿಗೆಯನ್ನೇ ಕಟ್ಟಿಹಾಕಿತು. 2025ರಲ್ಲಿ, ಮೂಲ ಬರೆದವರ ಒಪ್ಪಿಗೆಯ ಷರತ್ತಿನೊಂದಿಗೆ, ಆ ಸೌಲಭ್ಯ ಬಂದಿದೆ. ಹೋದವರಲ್ಲಿ ಎಷ್ಟು ಮಂದಿ ಅದಕ್ಕಾಗಿ ಮರಳುತ್ತಾರೋ.

ಮಾಸ್ಟೊಡಾನಿನಲ್ಲಿ ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋದರೆ ಹಿಂಬಾಲಕರು ತಾವಾಗಿಯೇ ಹೊಸ ವಿಳಾಸಕ್ಕೆ ಬರುತ್ತಾರೆ. ಹಳೆಯ ಬರಹಗಳು ಬರುವುದಿಲ್ಲ. ಸರ್ವರ್ ನಡೆಸುವವರಿಗೆ ದಣಿವಾದರೆ, ದುಡ್ಡು ಮುಗಿದರೆ ಎಲ್ಲವೂ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಕ್ವಿಯರ್ ಡಾಟ್ ಎಎಫ್ ಎಂಬ ಸರ್ವರ್‌ನ ವಿಳಾಸವೇ ಇಲ್ಲವಾಯಿತು. ಎಎಫ್ ಎಂಬುದು ಅಫ್ಘಾನಿಸ್ತಾನದ ಡೊಮೈನ್. ತಾಲಿಬಾನ್ ಆಡಳಿತ ಅದನ್ನು ಕಿತ್ತುಕೊಂಡಿತು. ಒಡೆತನ ಹಂಚಿದರೆ ಅಪಾಯವೂ ಹಂಚಿಹೋಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಬ್ಲೂಸ್ಕೈ ಈ ಕೊರತೆಯನ್ನೇ ಹಿಡಿದು ಹೊರಟಿತು. ಜ್ಯಾಕ್ ಡಾರ್ಸಿ 2019ರಲ್ಲಿ ಟ್ವಿಟರ್‌ನ ಹಣದಿಂದಲೇ ಆರಂಭಿಸಿದ ಯೋಜನೆ ಇದು. 2021ರಲ್ಲಿ ಜೇ ಗ್ರೇಬರ್ ನೇತೃತ್ವ ವಹಿಸಿದರು, ಮುಂದೆ ಅದು ಪ್ರತ್ಯೇಕ ಸಂಸ್ಥೆಯಾಯಿತು. ಇಲ್ಲಿ ಬರೆದವರ ಗುರುತು ಸರ್ವರಿಗೆ ಅಂಟಿಲ್ಲ; ಖಾತೆ, ಬರಹ, ಪರಿಚಯದ ಪಟ್ಟಿ ಮೂರನ್ನೂ ಎತ್ತಿಕೊಂಡು ಬೇರೆ ಸರ್ವರಿಗೆ ಹೋಗಬಹುದು. 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. ಆ ಆಗಸ್ಟ್‌ನ ಕೊನೆಯಲ್ಲಿ ಬ್ರೆಜಿಲ್‌ನ ನ್ಯಾಯಾಲಯ ಎಕ್ಸನ್ನು ನಿಷೇಧಿಸಿದಾಗ ಬ್ರೆಜಿಲಿನವರು ಬಂದರು. ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆ ಮುಗಿದ ಮೇಲೆ ವಿಜ್ಞಾನಿಗಳು, ಪ್ರಾಧ್ಯಾಪಕರು, ಪತ್ರಕರ್ತರು ಬಂದು ಸಂಖ್ಯೆ 2 ಕೋಟಿ ದಾಟಿತು. ಸಾಮೂಹಿಕವಾಗಿ ಬರಲು ಅವರಿಗೆ ಆಸರೆಯಾದದ್ದು ‘ಸ್ಟಾರ್ಟರ್ ಪ್ಯಾಕ್’ ಎಂಬ ಸರಳ ಉಪಾಯ: ಒಬ್ಬರು ತಮ್ಮ ಕ್ಷೇತ್ರದವರ ಪಟ್ಟಿ ಮಾಡಿಟ್ಟರೆ ಹೊಸಬರು ಒಂದೇ ಒತ್ತಿಗೆ ಎಲ್ಲರನ್ನೂ ಹಿಂಬಾಲಿಸಬಹುದು. ಪಕ್ಷಿ ವೀಕ್ಷಕರದ್ದು, ಭೂವಿಜ್ಞಾನಿಗಳದ್ದು ಎಂದು ಪಟ್ಟಿಗಳು ಹುಟ್ಟಿದವು. ರೂಡಿ ಫ್ರೇಸರ್ ಕಟ್ಟಿದ ಬ್ಲ್ಯಾಕ್‌ಸ್ಕೈ ಇನ್ನೂ ಮುಂದೆ ಹೋಗಿ, ಕಪ್ಪು ಜನರದ್ದೇ ಫೀಡ್, ಅವರದ್ದೇ ಕಾವಲು, ಅವರದ್ದೇ ಸರ್ವರ್ ಎಂಬಲ್ಲಿಗೆ ತಲುಪಿದೆ. ಈ ಎರಡು ದಶಕಗಳಲ್ಲಿ ನಾನು ಕಂಡ ಅತ್ಯಂತ ಭರವಸೆಯ ಬೆಳವಣಿಗೆ ಇದು. ಆದರೆ ಬ್ಲೂಸ್ಕೈ ಬಳಸುವ ಬಹುಪಾಲು ಜನ ಈಗಲೂ ಕಂಪನಿಯ ಸರ್ವರ್‌ಗಳಲ್ಲೇ ಇದ್ದಾರೆ. ಬಿಟ್ಟು ಹೋಗುವ ಹಕ್ಕು ಇದೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಯಾರೂ ಪರೀಕ್ಷಿಸಿಲ್ಲ.

ಥ್ರೆಡ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜುಲೈ 5ರಂದು ಬಂದು ಐದು ದಿನದಲ್ಲಿ 10 ಕೋಟಿ ಜನ ಸೇರಿದರು, ಏಕೆಂದರೆ ಇನ್‌ಸ್ಟಾಗ್ರಾಮಿನ ಪಟ್ಟಿಯನ್ನೇ ಮೆಟಾ ಇಲ್ಲಿ ತಂದು ಸುರಿಯಿತು. ಪಟ್ಟಿ ಕೈಯಲ್ಲಿದ್ದರೆ ಊರಿಗೆ ಊರನ್ನೇ ಸಾಗಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಆದರೆ ಮೊದಲ ತಿಂಗಳುಗಳಲ್ಲಿ ಥ್ರೆಡ್ಸ್ ಖಾತೆ ಅಳಿಸಬೇಕೆಂದರೆ ಇನ್‌ಸ್ಟಾಗ್ರಾಮ್ ಖಾತೆಯನ್ನೂ ಕಳೆದುಕೊಳ್ಳಬೇಕಿತ್ತು. ಆ ಗಂಟನ್ನು ಬಿಚ್ಚಿದ್ದು ನವೆಂಬರ್‌ನಲ್ಲಿ. ರಾಜಕೀಯದ ಬರಹಗಳನ್ನು ತಾನಾಗಿ ಮುಂದೊಡ್ಡುವುದಿಲ್ಲ ಎಂದು 2024ರಲ್ಲಿ ಹೇಳಿ, 2025ರ ಜನವರಿಯಲ್ಲಿ ಮಾತು ಬದಲಿಸಿತು. ಆ್ಯಕ್ಟಿವಿಟಿಪಬ್ ಮೂಲಕ ಮಾಸ್ಟೊಡಾನಿನೊಂದಿಗೆ ಸಂಪರ್ಕವನ್ನೂ ತೆರೆದಿದೆ. ಅಲ್ಲಿನ ಎಷ್ಟೋ ಸರ್ವರ್‌ನವರು ಮೆಟಾವನ್ನು ಒಳಗೆ ಬಿಡುವುದಿಲ್ಲವೆಂದು ಮೊದಲೇ ತೀರ್ಮಾನಿಸಿದ್ದರು.

ಇಷ್ಟೆಲ್ಲ ಆದಮೇಲೂ ಕನ್ನಡಿಗರು ಎಕ್ಸ್‌ನಲ್ಲೇ ಇದ್ದಾರೆ. ಪೊಲೀಸರು, ಬೆಸ್ಕಾಂ, ಮೆಟ್ರೊ, ಮಳೆಯ ನಕ್ಷೆ ಹಾಕುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಲ್ಲರೂ ಅಲ್ಲಿರುವಾಗ ಜನರನ್ನು ದೂರುವುದರಲ್ಲಿ ಅರ್ಥವಿಲ್ಲ. ಸರ್ಕಾರಿ ಸಂಸ್ಥೆಗಳು ಖಾಸಗಿ ಜಾಗದಲ್ಲಿ ಸಾರ್ವಜನಿಕ ಕೆಲಸ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಅನುಭವ ಇದೆ. ಎಪಿಐಗೆ ತಿಂಗಳಿಗೆ 50,000 ಡಾಲರ್ ಆಗುತ್ತದೆಂದಾಗ ಅಲ್ಲಿನ ಸಾರಿಗೆ ಪ್ರಾಧಿಕಾರ ಎಂಟಿಎ 2023ರ ಏಪ್ರಿಲ್‌ನಲ್ಲಿ ರೈಲು-ಬಸ್ಸುಗಳ ತತ್‌ಕ್ಷಣದ ಸೂಚನೆಗಳನ್ನು ಟ್ವಿಟರ್‌ನಲ್ಲಿ ನಿಲ್ಲಿಸಿತು. ಕಂಪನಿ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟ ಮೇಲೆ ಮತ್ತೆ ಶುರುವಾಯಿತು. ಅದೇ ವರ್ಷದ ಮಧ್ಯದಿಂದ ಖಾತೆ ಇಲ್ಲದವರಿಗೆ ಎಕ್ಸ್ ಓದುವುದೇ ಕಷ್ಟವಾಗಿದೆ. ಕೊಡಗಿನಲ್ಲೋ ಉತ್ತರ ಕನ್ನಡದಲ್ಲೋ ಗುಡ್ಡ ಕುಸಿಯುವ ಮಳೆಯ ರಾತ್ರಿ, ಮುನ್ನೆಚ್ಚರಿಕೆ ಓದಲು ಲಾಗಿನ್ ಆಗಬೇಕು ಎನ್ನುವುದನ್ನು ನಾವು ಹೇಗೆ ಒಪ್ಪಿಕೊಂಡೆವು?

ಜರ್ಮನಿಯ ಕೇಂದ್ರ ಸರ್ಕಾರದ ಇಲಾಖೆಗಳಿಗೆ 2020ರಿಂದ ತಮ್ಮದೇ ಮಾಸ್ಟೊಡಾನ್ ಸರ್ವರ್ ಇದೆ. ನೆದರ್ಲೆಂಡ್ಸ್ 2023ರಲ್ಲಿ ಮಾಡಿಕೊಂಡಿತು. ಯುರೋಪಿನ ದತ್ತಾಂಶ ರಕ್ಷಣಾ ಕಚೇರಿ 2022ರಲ್ಲಿ ಇಂಥದ್ದೇ ಒಂದನ್ನು ಪ್ರಯೋಗಕ್ಕೆ ತೆರೆದು, ವಹಿಸಿಕೊಳ್ಳುವವರು ಸಿಗದೆ 2024ರಲ್ಲಿ ಮುಚ್ಚಬೇಕಾಯಿತು. ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ಆದರೂ ಕರ್ನಾಟಕ ಸರ್ಕಾರ ಇಂಥದ್ದೊಂದನ್ನು ಮಾಡಿಕೊಳ್ಳಬೇಕು. ಇದಕ್ಕೆ ಬೇಕಾಗುವುದು ಒಂದೆರಡು ಸರ್ವರ್, ನೋಡಿಕೊಳ್ಳಲು ಸಂಬಳ ಪಡೆಯುವ ನಾಲ್ಕಾರು ಜನ, ಬಿಡದೆ ನಡೆಸುವ ಒಂದು ಇಲಾಖೆ. ವಿಕೋಪ ಕೇಂದ್ರದ ಸೂಚನೆ, ಜಲಾಶಯದ ಮಟ್ಟ, ರಜೆಯ ಘೋಷಣೆ ಮೊದಲು ಅಲ್ಲಿ ಕನ್ನಡದಲ್ಲಿ ಬರಲಿ, ಅಲ್ಲಿಂದ ಎಕ್ಸ್‌ಗೂ ಥ್ರೆಡ್ಸ್‌ಗೂ ವಾಟ್ಸ್‌ಆ್ಯಪ್ ಚಾನೆಲ್ಲಿಗೂ ಹರಿಯಲಿ. ಬೆಂಗಳೂರಿನಂಥ ಊರು ಇರುವ ರಾಜ್ಯಕ್ಕೆ ಇದು ಒಂದು ಬಜೆಟ್ಟಿನ ಸಣ್ಣ ಸಾಲು. ಇ-ಆಡಳಿತ ಇಲಾಖೆ ಮನಸ್ಸು ಮಾಡಿದರೆ ಮುಂದಿನ ಮುಂಗಾರಿಗೆ ಮುನ್ನ ಮಾಡಬಹುದು.